ಬೇರು ತಿಳಿಯದ ಹಾವುಗಳು

ಸತ್ತ ಗಂಡನ ಕುಲದ ಮಡುವಿಗೆ ಇಳಿಯಲು ಬಿಡ್ಡಿ ಪರರ ಅಪ್ಪಣೆಗೆ ಕಾಯಬೇಕಾಯಿತು. ಗೇಟಿನ ಬೀಗ ತೆಗೆದವನು ಅವಳ ಹೊಟ್ಟೆಯಲ್ಲೇ ಹುಟ್ಟಿದ ಡೆಸ್ಮಂಡ್. ಗಣಿ ಕಂಪನಿಯ ಕಿತ್ತಳೆ ಅಂಗಿ, ಸೊಂಟದಲ್ಲಿ ಕೀಲಿಗೊಂಚಲು, ಹೆಗಲಲ್ಲಿ ಬಂದೂಕು. ಬಿಡ್ಡಿಗೆ ಕಣ್ಣು ಕಾಣುವುದಿಲ್ಲ. ಕೀಲಿಗಳ ಸದ್ದಿಗೆ ಮುಖ ತಿರುಗಿಸಿ, "ಒಳಗೆ ಬರಬಹುದೇನಪ್ಪಾ ದಣಿ?" ಎಂದಳು.

"ಬಾಮ್ಮ, ಆಡ್ಕೋಬೇಡ" ಎಂದ ಡೆಸ್ಮಂಡ್.

ಬಿಡ್ಡಿಯ ಕೈ ಹಿಡಿದಿದ್ದವಳು ಅವಳ ತಂಗಿ ಲೋರ್ನಾ. ಅವಳು ನಗಲಿಲ್ಲ. ಅಕ್ಕನ ಮಗನ ಮುಖವನ್ನು ನೋಡಿದಳು. ವಾರದಿಂದ ಅವನು ಊರ ಕಡೆ ತಲೆ ಹಾಕಿರಲಿಲ್ಲ. ಈಗಲೂ ಚಿಕ್ಕಮ್ಮನ ಕಣ್ಣು ತಪ್ಪಿಸಿ ಬೇಲಿಯ ತಂತಿ ನೋಡುತ್ತಿದ್ದ.

ಎರಡು ಮಳೆಗಾಲದ ಹಿಂದೆ ಯುರೇನಿಯಂ ಗಣಿಯ ತ್ಯಾಜ್ಯದ ಕೆಸರುಕಟ್ಟೆ ಉಕ್ಕಿ ಹಳ್ಳಕ್ಕೆ ಹರಿದಿತ್ತು. ಆವತ್ತಿನಿಂದ ಹಳ್ಳದ ಈ ಎಮ್ಮೆಮಡುವಿಗೆ ಬೇಲಿ, ಊರಿನ ಬಾಯಿಗೆ ಲಾರಿ ನೀರು. ಈಗ ಕಂಪನಿ ಬೇರೆ ರಾಗ ತೆಗೆದಿತ್ತು. ನೀರು ಶುದ್ಧವಾಗಿದೆಯಂತೆ. ಲಾರಿ ನಿಲ್ಲಿಸಿ, ಹಳ್ಳಕ್ಕೇ ಪಂಪು ಹಾಕಿ, ಶಾಲೆಗೂ ಮನೆಗಳಿಗೂ ಅದೇ ನೀರು ಕೊಡುತ್ತಾರಂತೆ. ಜನ ನಂಬಬೇಕಲ್ಲ? ಅದಕ್ಕೊಂದು ಚಿತ್ರ. ಹೆಂಗಸರು ಹಿಂದಿನಂತೆ ಮಡುವಿಗೆ ಇಳಿದು ಹಾವು ಹಿಡಿಯಬೇಕು, ದಡದಲ್ಲೇ ಸುಟ್ಟು ತಿನ್ನಬೇಕು, ಡಾರ್ವಿನ್ ಪಟ್ಟಣದಿಂದ ಬಂದ ಟಿವಿಯವರು ಅದನ್ನು ದೇಶಕ್ಕೆಲ್ಲ ತೋರಿಸಬೇಕು. ವಿಷ ಕಕ್ಕಿದವನ ಕೈಗೆ ಅಂಟಿದ ಕೊಳೆಯನ್ನು ಆ ವಿಷ ತಿಂದವರೇ ನಾಲಿಗೆಯಿಂದ ನೆಕ್ಕಿ ತೊಳೆಯಬೇಕು. ಲೆಕ್ಕ ಅಷ್ಟೇ.

ಲೋರ್ನಾ ಒಪ್ಪಿದ್ದಕ್ಕೆ ಅವಳದೇ ಲೆಕ್ಕವಿತ್ತು. ಸತ್ತ ಮಡುವಿನಲ್ಲಿ ಹಾವೆಲ್ಲಿಂದ ಬರಬೇಕು? ಹೊತ್ತೆಲ್ಲ ತಡಕಾಡಿ ಬರಿಗೈಯಲ್ಲಿ ಹತ್ತುತ್ತೇವೆ, ಆ ಬರಿಗೈಯನ್ನೇ ದೇಶ ನೋಡಲಿ. ಊರಿನ ಹೆಂಗಸರಿಗೆಲ್ಲ ಹಾಗೆಂದು ಮಾತು ಕೊಟ್ಟು ಬಂದಿದ್ದಳು. ಹದಿಮೂರು ಮೊಮ್ಮಕ್ಕಳು ಕುಡಿಯುವ ನೀರಿನ ಮಾತು ಅದು.

ದಡದಲ್ಲಿ ಕಂಪನಿಯ ಕಾರ್ಮೊಡಿ ಕೈ ಉಜ್ಜುತ್ತ ನಿಂತಿದ್ದ. ಕ್ಯಾಮೆರಾ ಹೊತ್ತ ಹುಡುಗಿ ಬಿಸಿಲಿಗೆ ಕೆಂಪಗಾಗಿದ್ದಳು. ಡೆಸ್ಮಂಡ್ ಮೊಸಳೆ ಕಾಯಲು ಎತ್ತರದ ದಿಬ್ಬ ಹತ್ತಿದ. ಬಿಡ್ಡಿಯನ್ನು ನೆರಳಲ್ಲಿ ಕೂರಿಸಿ, ಲೋರ್ನಾ ಮಗಳು ಶಾಂಟೆಲ್ ಜೊತೆ ನೀರಿಗೆ ಕಾಲಿಟ್ಟಳು.

ಎದೆಮಟ್ಟದ ಬೆಚ್ಚಗಿನ ನೀರು. ಈ ಹೊತ್ತಿಗೆ ನೈದಿಲೆ ಎಲೆಗಳ ಮೇಲೆ ಹಕ್ಕಿಗಳ ಸಂತೆ ನೆರೆದಿರಬೇಕು. ಒಂದು ಬಾತು ಇಲ್ಲ, ಒಂದು ಕಪ್ಪೆ ಇಲ್ಲ. ಎಲೆಗಳ ಅಂಚು ಸುಟ್ಟಂತೆ ಕಂದಿತ್ತು. ಅವರು ಬಾಗಿ, ಕೈ ಮುಳುಗಿಸಿ, ಅಂಗಾಲಿನಿಂದ ಕೆಸರು ಸವರುತ್ತ ನಡೆದರು. ಅರದ ಹಾವು ಹುಡುಕುವುದು ಹೀಗೇ. ಬಡಗಿಯ ಅರದಷ್ಟು ಒರಟು ಚರ್ಮ, ದೊಗಲೆ ಮೈ, ವಿಷವಿಲ್ಲ. ಹಗಲಲ್ಲಿ ಕೇದಗೆ ಬೇರಿನ ಸಂದಿಯಲ್ಲಿ ಸುತ್ತಿಕೊಂಡು ಮಲಗುವ ಸೋಮಾರಿ. ಅದಕ್ಕೊಂದು ಬೇರು, ಆ ಬೇರು ಅದರದೇ ಮನೆ.

"ಅಮ್ಮಾ, ಮೂಗಿಗೆ ಏನೋ ಬಡೀತಿದೆ" ಎಂದಳು ಶಾಂಟೆಲ್.

"ನಿನ್ನ ಬಾಯೇ ಇರಬೇಕು, ಮುಚ್ಕೊಂಡು ಹುಡುಕು."

ಹತ್ತು ಹೆಜ್ಜೆ ಹೋಗಿರಲಿಲ್ಲ, ಶಾಂಟೆಲ್ ತಟ್ಟನೆ ನಿಂತಳು. ಕೈ ಮೇಲೆತ್ತಿದಾಗ ಅವಳ ಮುಷ್ಟಿಯಲ್ಲಿ ತೋಳುದ್ದದ ಹಾವು ತಿರುಚಿಕೊಳ್ಳುತ್ತಿತ್ತು.

ದಡದಲ್ಲಿ ಕಾರ್ಮೊಡಿ ಚಪ್ಪಾಳೆ ತಟ್ಟಿದ. ಶಾಂಟೆಲ್ ರೂಢಿಯಂತೆ ತಲೆಯನ್ನು ಹಲ್ಲಲ್ಲಿ ಕಚ್ಚಿ, ಮೈಯನ್ನು ಜಗ್ಗಿ ಕತ್ತು ಮುರಿದು, ದಡಕ್ಕೆ ಎಸೆದಳು. ಮತ್ತೊಂದು ಅವಳ ಮೊಣಕಾಲಿಗೇ ಸುತ್ತಿಕೊಂಡಿತು. ಲೋರ್ನಾಳ ಪಾದದಡಿಯಲ್ಲೂ ಒಂದು ಹೊರಳಿತು.

"ಸತ್ತಿದೆ ಅಂದಿದ್ಯಲ್ಲಮ್ಮ" ಶಾಂಟೆಲ್ ಪಿಸುಗುಟ್ಟಿದಳು. "ಊರಿಗೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲ. ಈಗ ಏನಂತೀ?"

ತಾನೇ ಸುಳ್ಳಿಯಾದೆನೇ? ಲೋರ್ನಾ ತನ್ನ ಪಾದಕ್ಕೆ ಸಿಕ್ಕ ಹಾವನ್ನು ನೀರೊಳಗೇ ಹಿಡಿದು ಬೆರಳಾಡಿಸಿದಳು. ತುಂಬಿದ ಹೊಟ್ಟೆ, ಮೊಟ್ಟೆಯಿರುವ ಹೆಣ್ಣು, ಆರೋಗ್ಯವಂತೆ. ಇಂಥದ್ದು ನಡು ಮಡುವಿನ ಬಯಲಲ್ಲಿ ಹಾಡುಹಗಲು ಯಾಕೆ ಅಲೆಯುತ್ತಿದೆ? ಮೂಗಿನ ತುದಿ ಸವೆದು ಕೆಂಪಗೆ ಹಸಿಯಾಗಿತ್ತು. ಗೋಣಿಚೀಲದ ಬಟ್ಟೆಗೆ ದಿನಗಟ್ಟಲೆ ಉಜ್ಜಿಕೊಂಡ ಹಾವಿನ ಮೂಗು ಹಾಗಿರುತ್ತದೆ. ಕತ್ತಿನ ಮಡಿಕೆ ಬಿಡಿಸಿದಳು. ಒಳಗೆ ಕೆಮ್ಮಣ್ಣು.

ಎಮ್ಮೆಮಡುವಿನ ಕೆಸರು ಕಪ್ಪು. ಕೆಮ್ಮಣ್ಣಿರುವುದು ಬೆಟ್ಟದಾಚೆಯ ತೊರೆಯಲ್ಲಿ.

ಇವು ಈ ನೀರಿನವಲ್ಲ. ಚೀಲದಲ್ಲಿ ತಂದು ಸುರಿದಿದ್ದಾರೆ. ಪಾಪದ ಜೀವಗಳಿಗೆ ಬೇರು ಎಲ್ಲಿದೆಯೆಂದು ಗೊತ್ತಿಲ್ಲ, ಸಂತೆಯಲ್ಲಿ ದಾರಿ ತಪ್ಪಿದ ಮಕ್ಕಳಂತೆ ಅಲೆಯುತ್ತಿವೆ. ಬಿಳಿಯರಿಗೆ ಈ ಹಾವು ಹಿಡಿಯುವುದು ಗೊತ್ತಿಲ್ಲ. ಹಿಡಿದರೂ ಸಾಯದಂತೆ ಇಡುವುದು ಗೊತ್ತಿಲ್ಲ. ಚೀಲ ಒದ್ದೆಯಿರಬೇಕು, ನೆರಳಲ್ಲಿರಬೇಕು, ಒಂದರ ಮೇಲೊಂದು ಹೇರಬಾರದು. ಅದನ್ನು ಬಿಡ್ಡಿ ಕಲಿಸಿದ್ದು ಒಬ್ಬನೇ ಒಬ್ಬ ಗಂಡಸಿಗೆ.

ಲೋರ್ನಾ ದಿಬ್ಬದ ಕಡೆ ನೋಡಿದಳು. ಡೆಸ್ಮಂಡ್ ಬಂದೂಕಿನ ನಳಿಗೆ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಕೂಗಿ ಹೇಳಲೇ? ಕೂಗಿದರೆ ಏನಾಗುತ್ತದೆ? ಮುದುಕಿಗೆ ಅರಳುಮರಳು ಎಂದು ಕಾರ್ಮೊಡಿ ನಗುತ್ತಾನೆ. ಆ ತುಣುಕನ್ನು ಕತ್ತರಿಸಿ ಬಿಸಾಡುತ್ತಾರೆ. ಹಾವು ಹಿಡಿದದ್ದು ಮಾತ್ರ ಉಳಿಯುತ್ತದೆ, ನಾಳೆ ಲಾರಿ ಬರುವುದಿಲ್ಲ. ಅಲ್ಲದೆ ಅಕ್ಕನ ಮಗನನ್ನು ಬಿಳಿಯರ ಎದುರು ಕಳ್ಳನೆನ್ನಲು ಅವಳ ನಾಲಿಗೆ ಏಳಲಿಲ್ಲ. ಸತ್ಯ ಅವನ ಬಾಯಿಂದಲೇ ಬರಬೇಕು.

ಅವಳು ಬಯಲು ಬಿಟ್ಟು ದಡದ ಕೇದಗೆ ಬುಡಕ್ಕೆ ಹೋದಳು. ಹಳೆಯ ಬೇರಿನ ಸಂದಿಗೆ ಭುಜದವರೆಗೂ ಕೈ ತೂರಿಸಿದಳು. ಬೆರಳಿಗೆ ಏನೋ ತಾಗಿತು. ಎಳೆದರೆ ಬಂತು, ಒಂದಿಷ್ಟೂ ಹಟವಿಲ್ಲದೆ, ಒದ್ದೆ ಬಟ್ಟೆ ಬಂದ ಹಾಗೆ. ಮನೆ ಗೊತ್ತಿದ್ದ ಹಾವು. ಮೈಮೇಲೆಲ್ಲ ಬಿಳಿಯ ಕಲೆ, ಕಲೆಯ ನಡುವೆ ಚರ್ಮ ಬಿರಿದು ಕೀವು. ಕಣ್ಣಿಗೆ ಪೊರೆ. ಇನ್ನೂ ಉಸಿರಿತ್ತು.

ಅದನ್ನು ಅವಳು ಹಲ್ಲಿಗೆ ತರಲಿಲ್ಲ. ಕೋಲಿನಿಂದ ಬಡಿದು ಕೊಂದಳು.

"ಹಲ್ಲು ಹಾಕಲ್ವಾ?" ಶಾಂಟೆಲ್ ಹತ್ತಿರ ಬಂದು ನೋಡಿದಳು. ನೋಡಿದವಳು ಮುಟ್ಟಲು ಚಾಚಿದ ಕೈ ಹಿಂದಕ್ಕೆಳೆದಳು. "ಅಮ್ಮಾ, ಇದೇನಿದು?"

"ಈ ಮಡುವಿಂದು. ಮಿಕ್ಕಿದ್ದು ನೆಂಟರು. ಬಾಯಿ ಮುಚ್ಕೊಂಡು ಬೆಂಕಿ ಹಾಕು."

ಬೆಂಕಿ ಕೆಂಡವಾಯಿತು. ಟೀ ಕುದಿಯಿತು, ಎಲ್ಲರೂ ಕುಡಿದರು. ನೀರು ಮಾತ್ರ ಲಾರಿಯದು, ಕಾರ್ಮೊಡಿ ತನ್ನ ಬಾಟಲಿಯನ್ನು ಬೇರೆಯೇ ಇಟ್ಟುಕೊಂಡಿದ್ದ. ಡೆಸ್ಮಂಡ್ ದಿಬ್ಬ ಇಳಿದು ಬಂದು ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಲೋರ್ನಾ ಸೆರಗಿನಂತೆ ಸುತ್ತಿದ್ದ ಬಟ್ಟೆ ಬಿಡಿಸಿ, ಅದರಲ್ಲಿ ಮರೆಸಿಟ್ಟಿದ್ದ ಕಲೆಯ ಹಾವನ್ನು ಎತ್ತಿ, ಅವನ ಕಣ್ಣೆದುರೇ ಕೆಂಡದ ಮೇಲಿಟ್ಟಳು.

ಡೆಸ್ಮಂಡ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

"ಅದು ಪೀಚು, ಚಿಕ್ಕಮ್ಮ. ಬೇರೆ ಹಾಕು. ಮೊಟ್ಟೆ ಇರೋದು ಇದಾವಲ್ಲ."

"ಬೇರಿನ ಸಂದೀಲಿ ಸಿಕ್ಕಿದ್ದೇ ಮೊದಲು. ನಿಮ್ಮಪ್ಪನ ನೀರು. ಮೊದಲ ತುತ್ತು ಮಗಂದು, ಆಮೇಲೆ ಹೆಂಡತೀದು. ಮರೆತುಹೋಯ್ತಾ? ಅಂಗಿ ಬದಲಾದ್ರೆ ಅಪ್ಪ ಬದಲಾಗ್ತಾನಾ?"

"ಇರ್ಲಿ ಬಿಡೇ" ಎಂದಳು ಬಿಡ್ಡಿ, ಸುಟ್ಟ ವಾಸನೆಗೆ ಮೂಗರಳಿಸಿ. "ಎರಡು ವರ್ಷ ಆಯ್ತು ಈ ಹೊಗೆ ಕುಡಿದು. ನಿನ್ನ ಭಾವನ ಕೈ ನೆನಪಾಗ್ತಿದೆ ಕಣೇ."

ಕಾರ್ಮೊಡಿಗೆ ಅವರ ಮಾತು ತಿಳಿಯದು. ನಗುತ್ತ ಕೇಳಿದ: "ಏನಂತಾರೆ ಡೆಸ್ಮಂಡ್?"

"ಮೊದಲು ನಾನು ತಿನ್ಬೇಕಂತೆ."

"ಭೇಷ್. ಅದನ್ನೇ ತೋರಿಸೋಣ."

ಚರ್ಮ ಕರಕಲಾಯಿತು, ಕಲೆಗಳು ಬೂದಿಯಲ್ಲಿ ಅಳಿಸಿದವು. ಲೋರ್ನಾ ಮರದ ತೊಗಟೆಯ ಮೇಲೆ ಅದನ್ನು ಸೀಳಿ, ಒಂದು ತುಂಡು ಹಿಡಿದಳು. ಬೇಡ ಅನ್ನು, ಅವಳು ಒಳಗೊಳಗೇ ಹೇಳಿಕೊಂಡಳು, ಬೇಡ ಅಂದುಬಿಡು ಮಗನೇ. ಅವನು ಒಂದು ಗಳಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು.

ಅವನು ತುಂಡನ್ನು ಬಾಯಿಗೆ ಹಾಕಿಕೊಂಡ. ಅಗಿದ. ನುಂಗಿದ.

"ಚೆನ್ನಾಗಿದೆ" ಎಂದ ಕ್ಯಾಮೆರಾಗೆ.

ಹುಡುಗಿ ತಲೆಯಾಡಿಸಿದಳು. "ಹೊಗೆ ಅಡ್ಡ ಬಂತು. ಇನ್ನೊಂದು ಸಲ ತಿಂತೀರಾ?"

ಅವನು ಇನ್ನೊಂದು ಸಲ ತಿಂದ. ಈ ಬಾರಿ ದೊಡ್ಡ ತುಂಡು. ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿದ್ದರೂ ಹಲ್ಲು ಕಿರಿದು ನಕ್ಕ. ಲೋರ್ನಾ ಅವನನ್ನೇ ನೋಡಿದಳು. ಇವನು ಸಾಯಲಿಕ್ಕೂ ತಯಾರು, ಆದರೆ ಬಾಯಿ ಬಿಡುವುದಿಲ್ಲ. ಕೂಲಿ ಅನ್ನುವುದು ಮನುಷ್ಯನನ್ನು ಇಷ್ಟು ದೂರ ತರುತ್ತದೆಯೇ?

"ನಂದೆಲ್ಲೇ?" ಬಿಡ್ಡಿ ಅಂಗೈ ಚಾಚಿದಳು.

ಶಾಂಟೆಲ್ ಎದ್ದು ನಿಂತಳು. ಲೋರ್ನಾ ಅಕ್ಕನ ಅಂಗೈ ನೋಡಿದಳು, ಅದರಾಚೆ ಕ್ಯಾಮೆರಾದ ಕಪ್ಪು ಕಣ್ಣು ನೋಡಿದಳು. ಒಂದು ತುಂಡು ಮುರಿದು ಆ ಅಂಗೈಯಲ್ಲಿಟ್ಟಳು. ಅವನು ತಡೆಯದಿದ್ದರೆ ಅದನ್ನು ಹಿಂದಕ್ಕೆ ಪಡೆಯುವ ಮಾತು ತನ್ನ ಬಾಯಲ್ಲಿ ಇಲ್ಲವೆಂಬುದು ಅವಳಿಗೆ ತಿಳಿದದ್ದು ಇಟ್ಟ ಮೇಲೆ. ಬಿಡ್ಡಿ ಊದಿ ಊದಿ ಆರಿಸಿದಳು. ಹಲ್ಲಿಲ್ಲದ ಬಾಯಿ ತೆರೆಯಿತು.

ಡೆಸ್ಮಂಡನ ಕೈ ಬೀಸಿತು. ತುಂಡು ಹಾರಿ ಮರಳಿಗೆ ಬಿತ್ತು.

"ತಿನ್ಬೇಡಮ್ಮ. ಅದು ಇಲ್ಲೀದು."

"ಇಲ್ಲೀದಲ್ಲದೆ ಎಲ್ಲೀದು ತಿನ್ಲೋ?"

"ಅಲ್ಲಿ ಬಿದ್ದಿರೋದೆಲ್ಲ ಕೆಮ್ಮಣ್ಣು ತೊರೇದು. ನಾನೇ ಹಿಡಿದು ತಂದು ಬಿಟ್ಟೆ. ಅವು ಒಳ್ಳೇವು. ನೀವು ಒಳ್ಳೇದನ್ನೇ ತಿನ್ನಲಿ ಅಂತಾನೇ... ಇವರಿಗೆ ಚಿತ್ರ ಸಿಗುತ್ತೆ, ನಿಮಗೆ ಏನೂ ಆಗಲ್ಲ ಅನ್ಕೊಂಡೆ."

"ನಾಳೆ ಮಕ್ಕಳು ಕುಡಿಯೋ ನೀರು?" ಲೋರ್ನಾ ಕೇಳಿದಳು. "ಅದನ್ನೂ ಚೀಲದಲ್ಲಿ ತರ್ತಿದ್ಯಾ?"

ಕ್ಯಾಮೆರಾ ಹುಡುಗಿ, "ಏನಂದ್ರು ಅವರು?" ಎಂದಳು. "ಏನಿಲ್ಲ, ಮನೆ ಜಗಳ" ಎಂದು ಕಾರ್ಮೊಡಿ ಕ್ಯಾಮೆರಾಗೆ ಕೈ ಅಡ್ಡ ಹಿಡಿದ. ಹುಡುಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಆಗ ಡೆಸ್ಮಂಡ್ ಅದೇ ಮಾತುಗಳನ್ನು ಬಿಳಿಯರ ಭಾಷೆಯಲ್ಲಿ ಹೇಳಿದ, ನಿಧಾನವಾಗಿ, ಕ್ಯಾಮೆರಾವನ್ನೇ ನೋಡುತ್ತ. ಚೀಲ ಕೊಟ್ಟವರಾರು, ಗಾಡಿ ಕೊಟ್ಟವರಾರು ಎಂಬುದನ್ನೂ ಹೇಳಿದ. ಬಂದೂಕು ಮತ್ತು ಕೀಲಿಗೊಂಚಲನ್ನು ಬಿಚ್ಚಿ ಕಾರ್ಮೊಡಿಯ ಬೂಟಿನ ಹತ್ತಿರ ಇಟ್ಟ.

"ಇದಕ್ಕೆ ನೀನು ಬೆಲೆ ಕೊಡ್ತೀಯ" ಎಂದ ಕಾರ್ಮೊಡಿ. ದನಿ ಏರಲಿಲ್ಲ, ಅದಕ್ಕೇ ಶಾಂಟೆಲ್ ಒಂದು ಹೆಜ್ಜೆ ಹಿಂದೆ ಸರಿದಳು.

ಬಿಡ್ಡಿಗೆ ಅದಾವುದೂ ಬೇಕಿರಲಿಲ್ಲ. ಮರಳಲ್ಲಿ ಮಂಡಿಯೂರಿ ತಡಕಾಡಿ ಮಗನ ಕಾಲು ಹಿಡಿದಳು, ತೊಡೆ ಹಿಡಿದಳು, ಹಾಗೇ ಮೇಲೇರಿ ಅವನ ದವಡೆ ಹಿಡಿದಳು.

"ನೀನು ತಿಂದ್ಯಾ?"

"ತಿಂದೆ."

"ಎಷ್ಟು?"

ಲೋರ್ನಾ ಹೇಳಿದಳು: "ಎರಡು ತುಂಡು, ಅಕ್ಕ. ನಾನೇ ಕೊಟ್ಟೆ."

ಬಿಡ್ಡಿ ತಂಗಿಯ ಕಡೆ ತಿರುಗಲೂ ಇಲ್ಲ. ಮಗನ ಕತ್ತನ್ನು ಎಡಗೈಯಲ್ಲಿ ಬಗ್ಗಿಸಿ, ಬಲಗೈಯ ಎರಡು ಬೆರಳನ್ನು ಅವನ ಗಂಟಲಿಗೆ ತೂರಿಸಿದಳು. ಅವನು ಓಕರಿಸಿದ. ಮೈಯೆಲ್ಲ ಕುಲುಕಾಡಿತು. "ಕಕ್ಕು" ಎಂದಳು ಬಿಡ್ಡಿ. ಅವನ ಹಣೆ ಹಿಡಿದು ಮತ್ತೆ ಬೆರಳಿಟ್ಟಳು. "ಕಕ್ಕೋ ಕಂದ."

ಲೋರ್ನಾ ಬಗ್ಗಿ ಮರಳಲ್ಲಿ ಮಾಂಸದ ಚೂರು ಹುಡುಕಿದಳು. ಬಂದದ್ದು ಟೀ ಮಾತ್ರ. ಬಿಡ್ಡಿ ಮತ್ತೆ ಮತ್ತೆ ಬೆರಳಿಟ್ಟಳು, ಬೆರಳಿಗೆ ರಕ್ತ ಹತ್ತಿತು, ಬಂದದ್ದು ಟೀ ಮಾತ್ರ.