ಹೆಸರು ತೆಗೆಸಿದವಳು

ಹೆತ್ತವರೇ ಸೇರಿ ಕಟ್ಟಿದ ಶಾಲೆಯ ಕಥೆಯನ್ನು ಆ ಊರಿನಲ್ಲಿ ಯಾರನ್ನು ಕೇಳಿದರೂ ಎದೆಯುಬ್ಬಿಸಿಕೊಂಡು ಹೇಳುತ್ತಿದ್ದರು. ದೊಡ್ಡ ಶಾಲೆಯ ಮೇಷ್ಟ್ರು ಔಷಧಿ ಅಂಗಡಿಯಾಕೆಯ ಮಗಳನ್ನು ಮನೆಪಾಠ ಬರೆದಿಲ್ಲವೆಂದು ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ಮರೆತೇಬಿಟ್ಟರು. ಹುಡುಗಿ ತಲೆಸುತ್ತಿ ಬಿದ್ದಳು. ಅಂದು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧಿ ಡಬ್ಬಗಳ ನಡುವೆ ಇಕ್ಕಟ್ಟಿನಲ್ಲಿ ಕೂತು, ಒಂದಷ್ಟು ಅಪ್ಪ ಅಮ್ಮಂದಿರು ಶಪಥ ಮಾಡಿದರು: ಇನ್ನು ಆ ಶಾಲೆಯ ಹೊಸ್ತಿಲು ತುಳಿಯುವುದಿಲ್ಲ, ನಮ್ಮ ಮಕ್ಕಳಿಗೆ ನಾವೇ ಶಾಲೆ ಮಾಡುತ್ತೇವೆ. ಶಪಥ ಮಾಡುವುದಕ್ಕೇನು ಖರ್ಚು? ಮರುದಿನ ಬೆಳಿಗ್ಗೆ ದೊಡ್ಡ ಶಾಲೆಗೆ ಹೋಗಿ, ಹೆಡ್‌ಮಾಸ್ಟರ ಮುಖಕ್ಕೆ ಮುಖ ಕೊಟ್ಟು ತನ್ನ ಮಗಳ ಹೆಸರು ತೆಗೆಸಿ ಬಂದವಳು ಟೈಲರಮ್ಮ. ಉಳಿದವರು, ನಾವೂ ತೆಗೆಸಿದೆವು ಅಂದರು. ಅವಳು ನಂಬಿದಳು.

ಮುಚ್ಚಿಹೋಗಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಶೆಡ್ಡೊಂದು ಸಿಕ್ಕಿತು. ಎಷ್ಟು ಉಜ್ಜಿದರೂ ನೆಲದ ಮಸಿ ಹೋಗದೆ, ಮೊದಲ ವರ್ಷವೆಲ್ಲ ಮಕ್ಕಳು ಕಪ್ಪು ಪಾದ ಹೊತ್ತು ಮನೆಗೆ ಬರುತ್ತಿದ್ದವು. ಹೆತ್ತವರಲ್ಲೇ ಒಬ್ಬರು, ಬ್ಯಾಂಕಿನವರು, ಶನಿವಾರ ಲೆಕ್ಕ ಹೇಳಿಕೊಡುತ್ತಿದ್ದರು. ಮಕ್ಕಳಿಗಿಂತ ಮೊದಲು ಅವರೇ ತಪ್ಪುತ್ತಿದ್ದರು. ಗೋಡೆ ಕಟ್ಟಿಸಲು ಗತಿಯಿರಲಿಲ್ಲವಾಗಿ ಟೈಲರಮ್ಮ ದಪ್ಪ ಕ್ಯಾನ್ವಾಸು ಹೊಲಿದು ಶೆಡ್ಡನ್ನು ತರಗತಿಗಳಾಗಿ ಭಾಗ ಮಾಡಿದಳು. ಎರಡನೇ ತರಗತಿಯವರಿಗೆ ಮೂರನೆಯದರ ಪದ್ಯಗಳು ಪುಕ್ಕಟೆಯಾಗಿ ಬಾಯಿಪಾಠವಾದವು.

ಔಷಧಿ ಅಂಗಡಿಯಾಕೆಯನ್ನು ಟೈಲರಮ್ಮ ಅಕ್ಕ ಎಂದೇ ಕರೆಯುತ್ತಿದ್ದಳು. ಬಾಯಿಮಾತಿನ ಅಕ್ಕನಲ್ಲ. ಟೈಲರಮ್ಮನಿಗೆ ಹೊಟ್ಟೆಯ ಆಪರೇಷನ್ ಆದಾಗ, ಗಂಡ ಲಾರಿ ಹತ್ತಿ ಎಲ್ಲೋ ದೂರ ಹೋಗಿದ್ದಾಗ, ಮಗಳನ್ನು ತನ್ನ ಮನೆಯಲ್ಲಿಟ್ಟುಕೊಂಡು ದಿನಾ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಇಬ್ಬರ ಹೆಣ್ಣುಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಏಳನೇ ತರಗತಿಗೆ ಬಂದರು.

ಏಳನೆಯದಕ್ಕೆ ಬಂದಾಗಲೇ ಭಯ ಹಿಡಿದದ್ದು. ಆ ವರ್ಷ ಪಬ್ಲಿಕ್ ಪರೀಕ್ಷೆ. ಶಾಲೆಗೆ ಸರ್ಕಾರದ ಮಾನ್ಯತೆ ಇಲ್ಲದಿದ್ದರೆ ಮಕ್ಕಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಮಾನ್ಯತೆ ಕೊಡಬೇಕೋ ಬೇಡವೋ ಎಂದು ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಟೈಲರಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅಕ್ಕ ಮಾತ್ರ ನಗುತ್ತಲೇ, "ಆಗುತ್ತೆ ಬಿಡೆ, ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?" ಅನ್ನುತ್ತಿದ್ದಳು. ಎಂಥ ಧೈರ್ಯ ಅಕ್ಕನದು ಎಂದು ಇವಳು ಮೆಚ್ಚಿಕೊಳ್ಳುತ್ತಿದ್ದಳು, ಪಾಪ.

ಅದೇ ವಾರ ಬಸ್ ನಿಲ್ದಾಣದ ಹತ್ತಿರದ ಟೈಲರ್ ಜ್ವರ ಬಂದು ಮಲಗಿದ. ಅವನ ಹೆಂಡತಿ ಅರ್ಧ ಹೊಲಿದ ಯೂನಿಫಾರಂಗಳ ಗಂಟೊಂದನ್ನು ತಂದು, "ಕಾಜಾ, ಹೆಮ್ಮಿಂಗು ಅಷ್ಟೇ ಬಾಕಿ. ಪರೀಕ್ಷೆ ಫೋಟೋಗೆ ಬೇಕಂತೆ, ಮಾಡಿಕೊಡಿ" ಎಂದು ಇಟ್ಟು ಹೋದಳು. ದೊಡ್ಡ ಶಾಲೆಯ ಕಂದು ಬಟ್ಟೆ. ಟೈಲರಮ್ಮ ಮೂಗು ಮುರಿದು ಕೆಲಸಕ್ಕೆ ಕೂತಳು. ಒಂದು ಅಂಗಿಯ ಎಡತೋಳು ಬಲತೋಳಿಗಿಂತ ಗಿಡ್ಡವಾಗಿತ್ತು. ಜ್ವರದಲ್ಲಿ ಕತ್ತರಿ ಆಡಿಸಿದ್ದಾನೆ ಎಂದು ಗೊಣಗುತ್ತಾ, ಸರಿಮಾಡಿಕೊಡೋಣವೆಂದು ಹೊಲಿಗೆ ಬಿಚ್ಚತೊಡಗಿದಳು. ಅರ್ಧ ಬಿಚ್ಚಿದ ಮೇಲೆ ಕೈ ನಿಂತಿತು.

ಅಕ್ಕನ ಮಗಳು ಚಿಕ್ಕವಳಿದ್ದಾಗ ತೊಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಎಡಗೈ ಬಲಗೈಯಷ್ಟು ಬೆಳೆಯಲಿಲ್ಲ. ನೋಡಿದವರಿಗೆ ಗೊತ್ತಾಗದ ಹಾಗೆ ಆ ಹುಡುಗಿಯ ಎಡತೋಳನ್ನು ತುಸು ಗಿಡ್ಡ ಮಾಡಿ, ಭುಜದಲ್ಲಿ ಒಂದು ಸಣ್ಣ ಮಡಿಕೆ ಕೊಟ್ಟು ಹೊಲಿಯುವುದು ಟೈಲರಮ್ಮನದೇ ಉಪಾಯ. ಈ ಅಂಗಿಯ ಭುಜದಲ್ಲೂ ಅದೇ ಮಡಿಕೆ ಇತ್ತು. ಅಳತೆಗೆಂದು ತಾನು ಹೊಲಿದ ಅಂಗಿಯನ್ನೇ ಕೊಟ್ಟು ಇದನ್ನು ಹೊಲಿಸಿದ್ದರು. ಟೈಲರಮ್ಮ ಎದ್ದಳು. ಅಂಗಿಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಔಷಧಿ ಅಂಗಡಿಗೆ ನಡೆದಳು.

ಅಕ್ಕ ಕಂದು ಬಟ್ಟೆ ನೋಡಿದ್ದೇ, ಕೆಮ್ಮಿನ ಔಷಧಿಗೆ ನಿಂತಿದ್ದ ಗಿರಾಕಿಯನ್ನು ಬೇಗ ಸಾಗಹಾಕಿದಳು.

"ಇದು ನಿನ್ನ ಮಗಳದ್ದಲ್ವಾ?"

ಅಕ್ಕ ಸುಳ್ಳು ಹೇಳಲಿಲ್ಲ. "ಒಳಗೆ ಬಾ" ಎಂದಳು.

"ಇಲ್ಲೇ ಹೇಳು. ಹೆಸರು ತೆಗೆಸ್ಲೇ ಇಲ್ವಾ ನೀನು?"

"ಯಾರೂ ತೆಗೆಸಿಲ್ಲ ಕಣೆ. ಬ್ಯಾಂಕಿನವ್ರೂ ಅಷ್ಟೇ, ಎಲ್ರೂ ಅಷ್ಟೇ. ಅಲ್ಲಿ ಫೀಸು ಕಟ್ತಾ ಬಂದ್ವಿ, ಹಾಜರಿ ಅವ್ರೇ ಹಾಕ್ಕೊಂಡ್ರು. ನಾಳೆ ಇದು ಮುಳುಗಿದ್ರೆ ಮಕ್ಕಳ ಗತಿ?"

"ನನ್ನ ಮಗಳು ಮಗು ಅಲ್ವಾ?"

ಅಕ್ಕ ಕೌಂಟರಿನ ಮೇಲಿದ್ದ ಮಾತ್ರೆಯ ಹಾಳೆಯನ್ನು ಸುಮ್ಮನೆ ಸರಿಸುತ್ತಾ, "ನಿನಗೆ ಹೇಳಿದ್ರೆ ನೀನು ಜಗಳಕ್ಕೆ ನಿಲ್ತಿದ್ದೆ, ಶಾಲೆ ಅವತ್ತೇ ಮುಚ್ತಿತ್ತು. ನಿನ್ನ ನೋಡ್ಕೊಂಡೇ ಅಲ್ವಾ ಉಳಿದವ್ರು ಮಕ್ಕಳನ್ನ ಕಳಿಸಿದ್ದು?" ಎಂದಳು.

ಟೈಲರಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಐದು ವರ್ಷ ತನ್ನನ್ನು ಅಂಗಡಿಯ ಬೋರ್ಡಿನಂತೆ ಮುಂದೆ ನಿಲ್ಲಿಸಿ, ಇವರೆಲ್ಲ ಹಿಂದಿನ ಬಾಗಿಲು ತೆರೆದಿಟ್ಟುಕೊಂಡಿದ್ದರು. ತನ್ನ ಮಗಳ ತಲೆ ಬಾಚುವಾಗಲೂ ಈ ಅಕ್ಕನಿಗೆ ಅದು ಗೊತ್ತಿತ್ತು. ಆ ನೋವೇ ಎಲ್ಲಕ್ಕಿಂತ ದೊಡ್ಡದಾಯಿತು.

"ಇನ್‌ಸ್ಪೆಕ್ಟರ್ ಮುಂದೆ ಎಲ್ಲಾ ಬಿಚ್ಚಿಡ್ತೀನಿ" ಎಂದಳು.

"ಬಿಚ್ಚಿಡು. ಇಲ್ಲಿನ ಮಕ್ಕಳ ಹೆಸರು ಇನ್ನೊಂದು ಕಡೆ ಇದ್ರೆ ಮಾನ್ಯತೆ ಕೊಡಲ್ಲ. ನಮ್ಮ ಮಕ್ಕಳು ಅಲ್ಲಿ ಪರೀಕ್ಷೆ ಬರೀತಾರೆ. ನಿನ್ನ ಮಗಳು ಎಲ್ಲಿ ಬರೀತಾಳೆ, ಹೇಳು?" ಅಕ್ಕನ ದನಿ ಗಡುಸಾಗಿರಲಿಲ್ಲ, ಅಳು ಬೆರೆತಿತ್ತು. "ಮಾನ್ಯತೆ ಸಿಕ್ಕಿದ್ರೆ ಅವಳೂ ಬರೀತಾಳೆ. ಅವ್ರು ನಿನ್ನನ್ನೇ ಕೇಳೋದು. ನಿನ್ನ ಮಾತು ಯಾರು ಬೇಕಾದ್ರೂ ನಂಬ್ತಾರೆ."

ಟೈಲರಮ್ಮ ಹೊರಗೆ ಬಂದಳು. ಬಿಚ್ಚಿದ ತೋಳನ್ನು ಮನೆಗೆ ಹೋಗಿ ಮತ್ತೆ ಹೊಲಿದಳು. ಹೊಲಿಯದೆ ಏನು ಮಾಡುತ್ತಾಳೆ? ಬಟ್ಟೆ ಏನು ತಪ್ಪು ಮಾಡಿತ್ತು?

ಇನ್‌ಸ್ಪೆಕ್ಟರು ಬಂದರು. ಕಿಟಕಿ ನೋಡಿದರು, ಕಕ್ಕಸು ನೋಡಿದರು, ಮಸಿಯ ನೆಲ ನೋಡಿ ಹುಬ್ಬೇರಿಸಿದರು. ಏಳನೇ ತರಗತಿಯ ಮುಂದೆ ನಿಂತು, ಹೆತ್ತವರ ಪರವಾಗಿ ಮಾತಾಡುವವರು ಯಾರು ಎಂದು ಕೇಳಿದರು. ಎಲ್ಲರೂ ಟೈಲರಮ್ಮನತ್ತ ತಿರುಗಿದರು. ಬ್ಯಾಂಕಿನವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅಕ್ಕ ತಲೆ ತಗ್ಗಿಸಿದ್ದಳು.

"ನೋಡಮ್ಮ, ಈ ಮಕ್ಕಳಲ್ಲಿ ಯಾರದ್ದಾದರೂ ಹೆಸರು ಬೇರೆ ಶಾಲೆಯಲ್ಲಿ ಇದೆಯಾ?"

ಬೆಂಚಿನ ಮೇಲೆ ಮಗಳು ಪೆನ್ಸಿಲು ಹಿಡಿದು ಅವಳನ್ನೇ ನೋಡುತ್ತಿದ್ದಳು. ಟೈಲರಮ್ಮ ನಕ್ಕಳು. "ಎಲ್ಲಾ ಇಲ್ಲಿಯವೇ ಸಾರ್. ಒಂದೇ ದಿನ ಎಲ್ರೂ ಹೆಸರು ತೆಗೆಸಿದ್ವಿ. ಮೊದಲು ಹೋದವಳು ನಾನು, ನನ್ನ ಹಿಂದೆಯೇ ಇವರೆಲ್ಲ ಬಂದ್ರು." ಅಕ್ಕ ಹೇಗೆ ಅಂಗಡಿ ಮುಚ್ಚಿ ಓಡಿ ಬಂದಳು, ಹೆಡ್‌ಮಾಸ್ಟರು ಹೇಗೆ ಮುಖ ಗಂಟಿಕ್ಕಿದರು ಎಂದೂ ಬಣ್ಣಿಸಿದಳು. ತನ್ನ ಬಾಯಿಗೆ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರೂ ನಕ್ಕು, ಪರೀಕ್ಷೆಯ ಹೊತ್ತಿಗೆ ಮಾನ್ಯತೆ ಬರುತ್ತದೆ ಎಂದು ಹೇಳಿ ಹೊರಟರು. ಅಕ್ಕ ಬಂದು ಕೈ ಹಿಡಿದುಕೊಂಡಳು. ಟೈಲರಮ್ಮ ಕೈ ಬಿಡಿಸಿಕೊಂಡು ಮಗಳನ್ನು ಕರೆದುಕೊಂಡು ಹೊರಟಳು. ಏನಾದರಾಗಲಿ, ಮಗಳು ಪರೀಕ್ಷೆ ಬರೆಯುತ್ತಾಳೆ.

ಮನೆಯ ಬೀದಿಯ ತಿರುವಿನಲ್ಲಿ ಮಗಳು ನಿಂತಳು.

"ಅಮ್ಮ, ಅವ್ರೆಲ್ರ ಹೆಸರೂ ದೊಡ್ಡ ಶಾಲೆಯಲ್ಲಿದೆ. ನಂಗೆ ಮೂರನೇ ಕ್ಲಾಸಿಂದ ಗೊತ್ತು, ನನ್ನ ಬೆಂಚಿನವಳೇ ಹೇಳಿದ್ಲು. ನಿಂಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ ನಾನು ಬಾಯಿ ಬಿಡ್ಲಿಲ್ಲ." ಅವಳು ಚೀಲ ಕೆಳಗಿಟ್ಟಳು. "ಇವತ್ತು ನೀನು ಕಥೆ ಕಟ್ಟಿದ್ದು ನೋಡಿದ್ರೆ ನಿಂಗೂ ಗೊತ್ತಿತ್ತು. ಗೊತ್ತಿದ್ರೂ ನನ್ನ ಒಬ್ಬಳ ಹೆಸರು ಮಾತ್ರ ಯಾಕಮ್ಮ ತೆಗೆಸ್ದೆ?"

"ಇಲ್ಲ ಪುಟ್ಟಿ, ದೇವ್ರಾಣೆ ನಂಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ."



"ಇನ್‌ಸ್ಪೆಕ್ಟರ್‌ಗೂ ಹೀಗೇ ಹೇಳ್ದೆ" ಎಂದು ಮಗಳು ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆದಳು.