ಮೂವತ್ತು ಸೆಕೆಂಡು

ನಮ್ಮ ಕಂಪನಿ ಒಂದು ಕಣ್ಣಾಸ್ಪತ್ರೆಗೆ ಆ್ಯಪ್ ಮಾಡಿಕೊಟ್ಟಿತ್ತು. ಹೊಸ ರೋಗಿಗಳು ಅದರಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ಡಾಕ್ಟರನ್ನು ಕಾಣಲು ದಿನ ಸಿಗುತ್ತಿತ್ತು. ಒಟ್ಟು ಐದು ಪುಟ. ಎಷ್ಟು ಜನ ಶುರು ಮಾಡಿದರು, ಯಾವ ಪುಟದಲ್ಲಿ ಕೈಬಿಟ್ಟರು, ಎಷ್ಟು ಜನ ಮುಗಿಸಿದರು ಎಂದು ನೋಡಿ, ಮುಗಿಸುವವರನ್ನು ಹೆಚ್ಚಿಸುವುದು ನನ್ನ ಕೆಲಸ. ಕೈಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದೆ ಹೋಗುವ ನೆಂಟರು ಎಂದು ಬೈದುಕೊಳ್ಳುತ್ತಿದ್ದೆ.

ಅಕ್ಕನ ಎಡಗಣ್ಣು ಮಂಜಾಗಿ, ಬಲಗಣ್ಣೂ ಮಸುಕಾಗತೊಡಗಿದ್ದು ಆಗಲೇ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ, ಊಟ ಕಟ್ಟಿ, ಶಾಲೆಗೆ ಕಳಿಸಿದವಳು. ಈಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ನಮ್ಮ ಬೀದಿಯ ಡಾಕ್ಟರು ನೋಡಿ, ಕಣ್ಣಿನೊಳಗೆ ಒತ್ತಡ ಏರುತ್ತಿದೆ, ಒಂದು ತಿಂಗಳೊಳಗೆ ಕಣ್ಣಾಸ್ಪತ್ರೆಗೆ ಹೋಗಲೇಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು. ಅಕ್ಕ ಫೋನಿನಲ್ಲಿ ನಮ್ಮದೇ ಆ್ಯಪ್ ತೆರೆದು ನನ್ನ ಪಕ್ಕ ಬಂದು ಕೂತಳು. ನನಗೋ ಆಫೀಸಿನ ತಲೆನೋವೇ ತಲೆತುಂಬ ಇತ್ತು.

“ಐದೇ ಪುಟ ಕಣಕ್ಕಾ, ಮಕ್ಕಳೂ ಮಾಡ್ತಾರೆ,” ಎಂದು ರೇಗಿದೆ. “ನಿಂಗೆ ಅಷ್ಟೂ ಆಗಲ್ವಾ?”

ಅವಳು ಎದ್ದು ಹೋದಳು. ವಾರ ಬಿಟ್ಟು ಕೇಳಿದಾಗ, ಎಲ್ಲ ಆಯಿತು, ಅವರೇ ದಿನ ತಿಳಿಸುತ್ತಾರಂತೆ ಎಂದಳು. ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ನಾಲ್ಕನೇ ಪುಟದಲ್ಲಿ ಫೋನಿಗೆ ಆರು ಅಂಕಿ ಬರುತ್ತವೆ. ಮೂವತ್ತು ಸೆಕೆಂಡಿನೊಳಗೆ ಅವನ್ನು ಒತ್ತಬೇಕು, ಇಲ್ಲದಿದ್ದರೆ ಮತ್ತೆ ಮೊದಲ ಪುಟ. ಆ ಮೂವತ್ತು ನನ್ನದೇ ತೀರ್ಮಾನ. ನೋಂದಣಿ ಮುಗಿಸಿದವರು ಸರಾಸರಿ ಹನ್ನೊಂದು ಸೆಕೆಂಡು ತೆಗೆದುಕೊಂಡಿದ್ದರು, ಮೂವತ್ತು ಕೊಟ್ಟರೆ ಧಾರಾಳವಾಯಿತು ಎಂದುಕೊಂಡೆ. ಮುಗಿಸಲಾಗದವರು ಆ ಸರಾಸರಿಯಲ್ಲಿ ಇರಲೇ ಇಲ್ಲ. ಕಣ್ಣಾಸ್ಪತ್ರೆಯ ಆ್ಯಪಿಗೆ ಕಣ್ಣು ಕಾಣದವರು ಬರುತ್ತಾರೆಂದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಒಂದು ಫೋನು ನಮ್ಮ ಪ್ರಾಣ ತಿನ್ನತೊಡಗಿತು. ದಿನವೂ ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ ಐದಾರು ಸಲ ನೋಂದಣಿ ಶುರು ಮಾಡಿ, ಅಷ್ಟೂ ಸಲ ನಾಲ್ಕನೇ ಪುಟದಲ್ಲಿ ಬೀಳುತ್ತಿತ್ತು. ಹೆಸರು, ನಂಬರು ನಮಗೆ ಕಾಣುತ್ತಿರಲಿಲ್ಲ, ಎಣಿಕೆ ಮಾತ್ರ ಕಾಣುತ್ತಿತ್ತು. ಆಫೀಸಿನಲ್ಲಿ ಅದಕ್ಕೆ ‘ಒಂದು ಗಂಟೆ ದೆವ್ವ’ ಎಂದು ಹೆಸರಿಟ್ಟೆವು. ಹೆಸರಿಟ್ಟವಳು ನಾನೇ. ಅಂಥ ಫೋನುಗಳು ಬೇರೆಯವೂ ಇದ್ದವು. ಇವೆಲ್ಲ ಯಂತ್ರಗಳೋ, ಆ್ಯಪ್ ಪರೀಕ್ಷೆ ಮಾಡುವ ನಮ್ಮವರೋ ಇರಬೇಕು ಎಂದು ಮ್ಯಾನೇಜರ್ ಹೇಳುವಷ್ಟರಲ್ಲಿ ನಾನು ಹೂಂಗುಟ್ಟಿಯಾಗಿತ್ತು. ವಾರಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಶುರು ಮಾಡುವವರು ಮನುಷ್ಯರಲ್ಲ, ಅವರನ್ನು ಲೆಕ್ಕದಿಂದ ಬಿಡಬೇಕು ಎಂದು ನಿಯಮ ಬರೆದೆ. ಒಂದೇ ಬೆಳಿಗ್ಗೆಯಲ್ಲಿ ಮುಗಿಸುವವರ ಲೆಕ್ಕ ನೂರಕ್ಕೆ ಎಂಬತ್ತಮೂರು ಇದ್ದದ್ದು ತೊಂಬತ್ತೊಂದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಅಕ್ಕನ ಮುಂದೆಯೂ ಕೊಚ್ಚಿಕೊಂಡೆ. ಒಳ್ಳೆಯದಾಯಿತು ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಂದೂವರೆ ತಿಂಗಳ ಮೇಲೆ ಒಂದು ದಿನ ನನಗೆ ರಜೆಯಿತ್ತು. ಅಕ್ಕ ಮರೆತುಹೋಗಿದ್ದ ಬುತ್ತಿ ಕೊಡಲು ಲಾಂಡ್ರಿಗೆ ಹೋದೆ. ಊಟದ ಹೊತ್ತು. ಅವಳು ಇಸ್ತ್ರಿ ಮೇಜಿನ ಹಿಂದಿನ ಕಿಟಕಿಗೆ ಒರಗಿ, ಎಡಗಣ್ಣು ಮುಚ್ಚಿ, ಫೋನನ್ನು ಮೂಗಿಗೆ ತಾಗಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ನಾಲ್ಕನೆಯ ಅಂಕಿ ಒತ್ತುವಷ್ಟರಲ್ಲಿ ಪರದೆ ಮೊದಲ ಪುಟಕ್ಕೆ ಹೋಯಿತು. ಅವಳು ನಿಟ್ಟುಸಿರು ಕೂಡ ಬಿಡದೆ ಮತ್ತೆ ತನ್ನ ಹೆಸರು ಬರೆಯತೊಡಗಿದಳು. ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು. ಬುತ್ತಿಯನ್ನು ಮೇಜಿನ ಮೇಲಿಟ್ಟು ಅವಳ ಕೈಯಿಂದ ಫೋನು ತೆಗೆದುಕೊಂಡೆ.

ಅಲ್ಲೇ ನಿಂತು ಅವಳ ಹೆಸರು ನೋಂದಾಯಿಸಿದೆ. ಆ ಆರು ಅಂಕಿ ಒತ್ತಲು ನನಗೆ ಹದಿನಾಲ್ಕೇ ಸೆಕೆಂಡು ಸಾಕಾಯಿತು. ಮರುವಾರ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎಡಗಣ್ಣು ಹೋದ ಹಾಗೆಯೇ, ಬಲಗಣ್ಣನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು ಎಂದರು. ಹೊರಗಿನ ಬೆಂಚಿನ ಮೇಲೆ ಕೂತು, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೂರರಲ್ಲಿ ತೊಂಬತ್ತೊಂದು ಜನ ಮಾಡ್ತಾರೆ ಅಂದ್ಯಲ್ಲ. ಉಳಿದ ಒಂಬತ್ತು ದಡ್ಡರಲ್ಲಿ ನಾನೂ ಒಬ್ಳು ಅಂತ ಹೇಳೋಕೆ ನಾಚಿಕೆ ಆಯ್ತು ಕಣೇ.”

ಆ ಒಂಬತ್ತರಲ್ಲೂ ಅವಳಿರಲಿಲ್ಲ. ದೆವ್ವದ ವಿಷಯ, ನಿಯಮದ ವಿಷಯ, ಚಪ್ಪಾಳೆಯ ವಿಷಯ ಎಲ್ಲವನ್ನೂ ಬಿಡದೆ ಹೇಳಿದೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಥರ ಇನ್ನೆಷ್ಟು ಜನರನ್ನು ತೆಗೆದುಹಾಕಿದ್ದೀ ಎಂದು ಮಾತ್ರ ಕೇಳಿದಳು. ನೂರ ಮೂವತ್ತೆಂಟು ಎಂದೆ.

“ಅವರಿಗೆ ನಿಮ್ಮ ಆಫೀಸಲ್ಲಿ ತಂಗಿ ಇಲ್ವಲ್ಲೇ,” ಎಂದಳು.

ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿ, ತೊಂಬತ್ತೊಂದು ಸುಳ್ಳು, ಆ ಮೂವತ್ತು ಸೆಕೆಂಡನ್ನು ಇವತ್ತೇ ತೆಗೆಯಬೇಕು ಎಂದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಸೋಮವಾರದ ಮೀಟಿಂಗಿನಲ್ಲಿ ಮಾತಾಡೋಣ ಎಂದರು. ಅವತ್ತು ಮಂಗಳವಾರ.