ಅಂಟಿಕೊಂಡ ಕೊನೆಯ ಹಾಳೆಗಳು

ಶಿಶಿರದ ಅಪರಾಹ್ನವೆಂದರೆ, ಸಹೃದಯರೇ, ಹಗಲು ತನ್ನ ನಿರ್ಗಮನಕ್ಕಾಗಿ ತಾನೇ ಕ್ಷಮೆ ಯಾಚಿಸುವ ಹೊತ್ತು! ಮೋಡಗಳ ಅಂಚಿನಿಂದ ಸೋಸಿಬಂದ ಮಂದಪ್ರಭೆಯು ಆ ಹಳೆಯ ಗ್ರಂಥಾಲಯದ ಉತ್ತರದ ಕಿಟಕಿಗಳಲ್ಲಿ ಕ್ಷಣಕಾಲ ತಡೆದು, ಗೋಂದಿನ ಬಟ್ಟಲು, ಮೇಣ ಸವರಿದ ದಾರದುಂಡೆ, ಭಾರವಿಟ್ಟು ಒತ್ತಿದ ರಟ್ಟುಗಳ ಮೇಲೆ ಮೆಲ್ಲನೆ ಹರಡಿ, ದುಃಖಿತೆಯ ಮುಗುಳ್ನಗೆಯಂತೆ ಬೆಳಗಿಯೂ ಬೆಳಗದೆ ಉಳಿಯುತ್ತಿತ್ತು... ಆ ಬೆಳಕಿನಲ್ಲಿ ತಲೆಬಾಗಿ ಕುಳಿತವಳು, ಜೀರ್ಣಗ್ರಂಥಗಳನ್ನು ದುರಸ್ತಿ ಮಾಡುವ ಹೆಂಗಸು; ನಲವತ್ತರ ಹೊಸ್ತಿಲು ದಾಟಿದ ಅವಿವಾಹಿತೆ, ಮಿತಭಾಷಿಣಿ. ಮೇಜಿನ ಆಚೆ ಬದಿಗೆ ಒಬ್ಬ ಅನುವಾದಕ; ಹೆಂಡತಿಯನ್ನು ಕಳೆದುಕೊಂಡು ಹತ್ತು ವರ್ಷ ಕಳೆದವನು.

ಇಬ್ಬರನ್ನೂ ಒಂದೇ ಮೇಜಿಗೆ ಕರೆತಂದದ್ದು ಒಂದು ಪುಸ್ತಕ. ಕ್ರೈಸ್ತಧರ್ಮದ ಉಷಃಕಾಲದಲ್ಲಿ ಊರುಕೇರಿ ತೊರೆದು, ಮರುಭೂಮಿಯ ಗುಹೆಗಳಲ್ಲಿ ಚಾಪೆ ಹೆಣೆಯುತ್ತ, ತಮ್ಮ ಅಂತರಂಗದೊಡನೆ ತಾವೇ ಸೆಣಸುತ್ತ ಬಾಳಿದ ವಿರಕ್ತರ ನುಡಿಗಳು ಅದರಲ್ಲಿದ್ದವು. ಎಂದೋ ನೆಲಮಾಳಿಗೆಗೆ ನೀರು ನುಗ್ಗಿ ಅದರ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಹದವಾಗಿ ಆವಿ ತಾಗಿಸಿ, ಮೂಳೆಯ ತೆಳುಪಟ್ಟಿಯಿಂದ ದಿನಕ್ಕೊಂದು ಹಾಳೆ ಬಿಡಿಸುವಳು. ಅವನು ಅದನ್ನು ತಮ್ಮ ಭಾಷೆಗೆ ತಂದು ಅವಳಿಗೆ ಓದಿ ಹೇಳುವನು.

‘ನಲವತ್ತು ವರ್ಷದ ಮೌನದಿಂದ ಏನು ಕಲಿತಿರಿ?’ ಎಂದು ಶಿಷ್ಯ ಕೇಳಿದಾಗ, ‘ಎದುರಿಗೆ ಕುಳಿತವನ ಉಸಿರನ್ನು ಕೇಳಿಸಿಕೊಳ್ಳುವುದನ್ನು’ ಎಂದನಂತೆ ಒಬ್ಬ ವೃದ್ಧ ಮುನಿ. ಅದನ್ನು ಓದಿದ ದಿನ ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿರುವಿಕೆಯಲ್ಲೇ, ಮೊದಲ ಮಳೆಗೆ ಮುನ್ನ ಮಣ್ಣೊಳಗೆ ಬೀಜ ಮಗ್ಗುಲು ಬದಲಿಸುವಂತೆ, ಏನೋ ಒಂದು ಹೊರಳಿತು...

ಮನೆಯಲ್ಲಿ ಅವಳ ತಾಯಿಗೆ ಎಲ್ಲವೂ ಗೊತ್ತಾಗಿತ್ತು. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿಮ್ಮಿಬ್ಬರ ಹತ್ರ ಬಂಗಾರ ಕೊಳೀತಾ ಬಿದ್ದಿದೆ. ದಿನದ ಖರ್ಚಿಗೆ ಒಂಚೂರು ಬೆಳ್ಳಿ ಬೇಡ್ವೇನೇ?” ಎಂದು ಛೇಡಿಸುತ್ತಿದ್ದಳು. ಮಗಳು ನಕ್ಕು ಜಾರಿಕೊಳ್ಳುತ್ತಿದ್ದಳು.

ಎರಡನೆಯ ವರ್ಷ ಅವನ ದನಿ ಒಡೆಯತೊಡಗಿತು. ನೆಗಡಿಯೆಂದು ತಳ್ಳಿಹಾಕಿದ್ದು ಗಂಟಲಿನ ಗಡ್ಡೆಯೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ಮಧ್ಯಾಹ್ನ ಅವನು ಎಂದಿನಂತೆ ಬಂದು ಕುಳಿತ.

“ನಾಳೆ ಆಪರೇಷನ್. ಆಮೇಲೆ ಧ್ವನಿ ಇರಲ್ಲ ಅಂದಿದ್ದಾರೆ. ಅದಕ್ಕೆ ಮುಂಚೆ ನಿಮಗೊಂದು ಮಾತು ಹೇಳಬೇಕಿತ್ತು.”

ಇಷ್ಟು ದಿನ ಬಯಸಿದ ಮಾತೇ ಬಾಗಿಲಿಗೆ ಬಂದು ನಿಂತಾಗ ಅಯ್ಯೋ, ಅವಳು ಚಿಲಕ ಹಾಕಿಕೊಂಡಳು!

“ಬೇಡ... ಹೇಳದೆ ಇದ್ರೂ ಗೊತ್ತಾಗುತ್ತೆ. ನಮ್ಮ ಮುನಿಗಳು ಹೇಳಿದ್ದೂ ಅದನ್ನೇ ಅಲ್ವಾ?”

ಅವನು ಅವಳನ್ನೇ ದೀರ್ಘವಾಗಿ ನೋಡಿದ. “ಹೌದು” ಎಂದ.

ಅವಳು ಕೇಳಿದ ಅವನ ಕೊನೆಯ ಮಾತು ಅದು.

ವಿಷಯ ತಿಳಿದ ತಾಯಿ ಹಣೆ ಚಚ್ಚಿಕೊಂಡಳು. “ಹುಚ್ಚಿ! ಆ ಮುನಿಗಳು ಬಿಟ್ಟುಹೋಗಿದ್ದು ಊರನ್ನ ಕಣೇ, ಮನುಷ್ಯರನ್ನಲ್ಲ.”

ತಿಂಗಳ ನಂತರ ಅವನು ಬಂದ. ಕೊರಳಿಗೆ ಬಿಳಿಯ ವಸ್ತ್ರ, ಕೈಯಲ್ಲೊಂದು ಸ್ಲೇಟು. ಪುಸ್ತಕದಲ್ಲಿ ಉಳಿದಿದ್ದುದು ಅಂಟಿಕೊಂಡ ಎರಡೇ ಹಾಳೆ. ಅವಳು ಆವಿ ತಾಗಿಸಿ ಅವನ್ನು ಬಿಡಿಸಿದಳು. ಅವನು ಬಳಪದಲ್ಲಿ ಸಾಲುಸಾಲಾಗಿ ಬರೆದು ತೋರಿಸಿದ. ಮೌನವ್ರತ ಹಿಡಿದ ಮುನಿಯೊಬ್ಬ, ಪಕ್ಕದ ಗುಹೆಯಲ್ಲಿ ಯಾರೋ ಅಳುವುದನ್ನು ಕೇಳಿ, ಎದ್ದು ಹೋಗಿ ಮಾತಾಡಿಸಿದನಂತೆ. ಉಳಿದವರು ಆಕ್ಷೇಪಿಸಿದಾಗ ಅವನೆಂದನಂತೆ: ‘ವ್ರತ ನನ್ನದು, ಅಳು ಅವನದು. ನನ್ನದನ್ನು ಕಾಪಾಡಿಕೊಳ್ಳಲು ಅವನನ್ನು ಕಳೆದುಕೊಳ್ಳಲೇ?’

ಅವಳು ಆ ಸಾಲನ್ನು ಎರಡು ಸಲ ಓದಿದಳು. ಅಕ್ಷರಗಳು ಕಲಸಿಹೋದವು.

“ಅವತ್ತು ಹೇಳ್ಬೇಕು ಅಂತಿದ್ರಲ್ಲ... ಈಗ ಬರೆದು ತೋರಿಸ್ತೀರಾ?”

ಅವನು ಸ್ಲೇಟನ್ನು ಅಂಗೈಯಿಂದ ಒರೆಸಿದ. ಬಳಪ ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. ಕೊನೆಗೆ ಸೊಟ್ಟನೆ ನಕ್ಕು ಬರೆದ: ‘ಬರೆದರೆ ಅದು ಬರೀ ಅನುವಾದ.’

“ಹಾಗಾದ್ರೆ ಮೂಲ ನಾನೇ ಹೇಳ್ತೀನಿ” ಎಂದಳು ಅವಳು. “ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಅವತ್ತು ಭಯ ಆಯ್ತು. ನನ್ನ ಪುಕ್ಕಲುತನಾನ ಪಾಪ ಆ ಮುನಿಗಳ ತಲೆಗೆ ಕಟ್ಟಿಬಿಟ್ಟೆ.”

ಗೋಂದು ಮೆತ್ತಿದ ಅವಳ ಕೈಯನ್ನು ಅವನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ತುಟಿಗಳು ಅಲುಗಿದವು, ಯಾವ ಪದವೋ ಅವಳಿಗೆ ತಿಳಿಯಲಿಲ್ಲ. ಕಣ್ಣುಗಳಿಂದ ನೀರು ಮಾತ್ರ, ಮಳೆ ನಿಂತ ಮೇಲೂ ಸೂರಿನಿಂದ ತೊಟ್ಟಿಕ್ಕುವಂತೆ, ಧಾರೆಯಾಗದೆ, ನಿಲ್ಲದೆ, ಇಳಿಯುತ್ತಿತ್ತು...

ಮುಂದಿನ ಹನ್ನೊಂದು ವಾರ ಅವನು ಬದುಕಿದ್ದ. ಆ ಪ್ರತಿ ಮಧ್ಯಾಹ್ನವೂ ಅವನ ಅನುವಾದದ ಹಸ್ತಪ್ರತಿಯನ್ನು ಅವಳೇ ಅವನಿಗೆ ಓದಿ ಹೇಳಿದಳು. ಅಷ್ಟು ಮಾತನ್ನು ಅವಳು ತನ್ನ ಬಾಳಿನಲ್ಲೇ ಆಡಿರಲಿಲ್ಲ. ವಸಂತದ ಮೊದಲ ಚಿಗುರಿಗೆ ಅವನು ತೀರಿಕೊಂಡ. ಹಸ್ತಪ್ರತಿಗೆ ಅವಳೇ ಹೊಲಿಗೆ ಹಾಕಿ, ರಟ್ಟು ಕಟ್ಟಿದಳು. ಆದರೆ ಅವನ ದನಿಯಲ್ಲಿ ಕೇಳಬಹುದಾಗಿದ್ದ ಒಂದೇ ಒಂದು ವಾಕ್ಯಕ್ಕಾಗಿ ಅವಳ ಕಿವಿ ಇಂದಿಗೂ ಹಸಿದಿದೆ...

ಮೌನವು ಮಹತ್ತಾದುದೇ, ಸಹೃದಯರೇ! ಆದರೆ ತಪಸ್ಸಿನ ಮೌನಕ್ಕೂ ಅಂಜಿಕೆಯ ಮೌನಕ್ಕೂ ಉಡುಪು ಒಂದೇ. ಯಾವುದನ್ನು ತೊಟ್ಟಿದ್ದೇವೆಂಬುದು ತೊಟ್ಟವರಿಗೇ ಎಷ್ಟೋ ಸಲ ತಿಳಿಯದು. ಮಾನವಹೃದಯವು ಬೇಡುವುದು ಅತ್ಯಲ್ಪ: ಒಮ್ಮೆ, ಕಾಲ ಮೀರುವ ಮುನ್ನ, ಪ್ರೀತಿಸಿದವರ ಬಾಯಿಂದ ತಾನು ಪ್ರೀತಿಪಾತ್ರವೆಂದು ಕೇಳುವುದು. ಅವನಿಗೆ ಅದು ದಕ್ಕಿತು, ಅವಳಿಗೆ ದಕ್ಕಲಿಲ್ಲ. ಆದರೂ ಕೊಟ್ಟವಳು ತಾನಾದೆನಲ್ಲ ಎಂಬ ಸಮಾಧಾನವು, ಅಳುವಿನ ನಡುವೆಯೂ, ಅವಳನ್ನು ಬದುಕಲು ಬಿಟ್ಟಿದೆ.